ಯೂನಿವರ್ಸಿಟಿ ರಿಸರ್ಚ್ ರಿಪೋರ್ಟಿನ ನಂಬರುಗಳಿಗೂ ಒಂದೊಂದು ವಯಸ್ಸಿರುತ್ತೆ

ವರ್ಷಕ್ಕೊಂದ್ಸಲ ಯೂನಿವರ್ಸಿಟಿಗಳ ರಿಸರ್ಚ್ ರಿಪೋರ್ಟ್ ಬರುತ್ತಲ್ಲ, ನುಣುಪು ಕಾಗದ, ಮೊದಲ ಪುಟದಲ್ಲಿ ಲ್ಯಾಬ್ ಕೋಟ್ ಹಾಕ್ಕೊಂಡು ಪಿಪೆಟ್ ಹಿಡ್ಕೊಂಡಿರೋ ಯಾರೋ ಒಬ್ರು, ಎರಡನೇ ಪುಟದಲ್ಲಿ ಕುಲಪತಿಗಳ ಸಂದೇಶ, ಮೂರನೇ ಪುಟದಿಂದ ಬರೀ ನಂಬರುಗಳ ಸುರಿಮಳೆ. ಇಷ್ಟು ಪೇಪರ್, ಇಷ್ಟು ಸೈಟೇಷನ್, ಇಷ್ಟು ಪೇಟೆಂಟ್, ಇಷ್ಟು ಸ್ಟಾರ್ಟಪ್, ಎಲ್ಲಾನೂ ಕಳೆದ ವರ್ಷಕ್ಕಿಂತ ಜಾಸ್ತಿ. ಕಮ್ಮಿ ಆಗಿದ್ರೆ ಆ ಸಾಲು ಆ ವರ್ಷ ರಿಪೋರ್ಟಲ್ಲೇ ಇರಲ್ಲ ಅನ್ನೋದು ಬೇರೆ ಮಾತು. ಇಂಥ ಒಂದು ಆಫೀಸಲ್ಲಿ (ಯಾವುದು ಅಂತ ಬೇಡ) ಮೂರ್ನಾಲ್ಕು ವರ್ಷ ಕೂತು ಈ ಟೇಬಲ್ಲುಗಳನ್ನ ತುಂಬಿದವನು ನಾನು, ಅಲ್ಲಿಂದ ಬಂದ ಮೇಲೆ ಯಾವ ರಿಪೋರ್ಟ್ ನೋಡಿದ್ರೂ ಮೊದಲು ಒಂದೇ ಪ್ರಶ್ನೆ ಬರುತ್ತೆ: ಈ ನಂಬರಿನ ವಯಸ್ಸೆಷ್ಟು?

ಯಾಕಂದ್ರೆ ಅದರಲ್ಲಿ "ಈ ವರ್ಷದ ಸಾಧನೆ" ಅಂತ ಬರೆದಿರೋದ್ರಲ್ಲಿ ಈ ವರ್ಷ ನಡೆದಿದ್ದು ತುಂಬಾ ಕಮ್ಮಿ. ಒಂದು ಪೇಪರಿನ ಜಾತಕ ಬರೆದು ನೋಡಿ. ಯಾರಿಗೋ ಒಂದು ಐಡಿಯಾ ಬರುತ್ತೆ, ಪ್ರಪೋಸಲ್ ಬರೀತಾರೆ, ದುಡ್ಡು ಸ್ಯಾಂಕ್ಷನ್ ಆಗೋಕೆ ಆರು ತಿಂಗಳೋ ಒಂದು ವರ್ಷವೋ, ಆಮೇಲೆ ಪಿಎಚ್‌ಡಿ ಸ್ಟೂಡೆಂಟ್ ಸಿಗಬೇಕು, ಉಪಕರಣ ಬರಬೇಕು, ಬಂದಿದ್ದು ಕೆಲಸ ಮಾಡಬೇಕು, ಎಕ್ಸ್‌ಪೆರಿಮೆಂಟ್ ಎರಡು ಮೂರು ಸಲ ಕೈ ಕೊಡಬೇಕು, ಕೊನೆಗೆ ಬರೆದು ಜರ್ನಲ್ಲಿಗೆ ಕಳಿಸಿದ್ರೆ ಅಲ್ಲಿ ರಿವ್ಯೂ, ತಿದ್ದುಪಡಿ, ಮತ್ತೆ ರಿವ್ಯೂ. ಹಂಗಾಗಿ ಈ ವರ್ಷ ಅಚ್ಚಾದ ಪೇಪರ್ ಅಂದ್ರೆ ಮೂರು ನಾಲ್ಕು ವರ್ಷದ ಹಿಂದೆ ಬಿತ್ತಿದ ಬೆಳೆ. ಆ ಪೇಪರನ್ನ ಬೇರೆಯವರು ಓದಿ, ತಮ್ಮ ಕೆಲಸದಲ್ಲಿ ಬಳಸಿ, ತಮ್ಮ ಪೇಪರಲ್ಲಿ ಉಲ್ಲೇಖ ಮಾಡೋದಿದೆಯಲ್ಲ, ಅದಕ್ಕೇ ಸೈಟೇಷನ್ ಅನ್ನೋದು, ಅದು ಬರೋಕೆ ಇನ್ನೂ ಎರಡು ಮೂರು ವರ್ಷ. ಅಂದ್ರೆ ಈ ವರ್ಷದ ಸೈಟೇಷನ್ ಅನ್ನೋದು ಆರೇಳು ವರ್ಷದ ಹಿಂದಿನ ತಲೆಗಳ ಕೆಲಸ, ಅವರಲ್ಲಿ ಕೆಲವರು ರಿಟೈರ್ ಆಗಿರ್ತಾರೆ, ಕೆಲವರು ಬೇರೆ ಕಡೆ ಸೇರ್ಕೊಂಡಿರ್ತಾರೆ, ಕ್ರೆಡಿಟ್ ಮಾತ್ರ ಈಗಿರೋ ಡೀನ್‌ಗೆ.

ಪೇಟೆಂಟ್ ಇನ್ನೂ ಮುದುಕ, ಅದರಿಂದ ಬರೋ ರಾಯಲ್ಟಿ ಅಂತೂ ಮುತ್ತಾತ. ಅದೇ ಪುಟದಲ್ಲಿ "ಹೊಸದಾಗಿ ಮಂಜೂರಾದ ಗ್ರಾಂಟ್" ಅಂತ, ಅಂದ್ರೆ ಸಂಶೋಧನೆಗೆ ಸಿಗೋ ದುಡ್ಡು, ಇರುತ್ತಲ್ಲ ಅದು ಇನ್ನೂ ಹುಟ್ಟೇ ಇಲ್ಲದ ಮಗು, ಮುಂದಿನ ಐದು ವರ್ಷದಲ್ಲಿ ಆಗೋ ಕೆಲಸ. ಹಿಂಗೆ ಬೇರೆ ಬೇರೆ ವಯಸ್ಸಿನ ನಂಬರುಗಳನ್ನೆಲ್ಲಾ ಒಂದೇ ಫ್ಯಾಮಿಲಿ ಫೋಟೋ ಥರ ಸಾಲಾಗಿ ನಿಲ್ಲಿಸಿ ಕೆಳಗೆ ಒಂದೇ ಇಸವಿ ಬರೆದುಬಿಡ್ತಾರೆ.

ಸರಿ, ಒಂದೊಂದಾಗಿ ನೋಡೋಣ, ಪೇಪರಿಂದ ಶುರು ಮಾಡೋಣ, ಯಾಕಂದ್ರೆ ಎಲ್ಲರೂ ಎಣಿಸೋಕೆ ಸುಲಭ ಅಂದ್ಕೊಂಡಿರೋದು ಅದನ್ನೇ.

ಸುಲಭ ಅಲ್ಲ. ಆಫೀಸಲ್ಲಿ ನನ್ನ ಮುಂದೆ ಒಂದು ಎಕ್ಸೆಲ್ ಶೀಟ್, ಎಲ್ಲಾ ಡಿಪಾರ್ಟ್‌ಮೆಂಟಿಂದ ಬಂದಿರೋ ಪಟ್ಟಿಗಳನ್ನ ಒಂದರ ಕೆಳಗೊಂದು ಪೇಸ್ಟ್ ಮಾಡಿರೋದು. ಒಂದೇ ಪೇಪರ್ ನಾಲ್ಕು ರೋನಲ್ಲಿ ಇದೆ. ಕೆಮಿಸ್ಟ್ರಿಯವರು ಕಳಿಸಿದಾರೆ, ಫಿಸಿಕ್ಸಿನವರೂ ಕಳಿಸಿದಾರೆ, ನ್ಯಾನೋ ಸೆಂಟರ್ ಅಂತ ಒಂದಿದೆ ಅವರೂ ಕಳಿಸಿದಾರೆ, ಮೂರೂ ಕಡೆ ಒಬ್ಬೊಬ್ಬ ಲೇಖಕರಿದಾರೆ ಹಂಗಾಗಿ ಯಾರದ್ದೂ ತಪ್ಪಲ್ಲ. ನಾಲ್ಕನೇ ರೋ ಯಾವುದು ಅಂದ್ರೆ ಅದೇ ಪೇಪರಿನ ಪ್ರೀಪ್ರಿಂಟ್, ಅಂದ್ರೆ ಜರ್ನಲ್ಲಲ್ಲಿ ಅಚ್ಚಾಗೋಕೆ ಮುಂಚೆ ಹೊರಗೆ ಹಾಕೋ ಪ್ರತಿ, ಟೈಟಲ್ಲಲ್ಲಿ ಒಂದು ಪದ ಬೇರೆ. ಒಬ್ರ ಇನಿಷಿಯಲ್ ಒಂದು ರೋನಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಕಂಪ್ಯೂಟರಿಗೆ ಅವರಿಬ್ರೂ ಬೇರೆ ಬೇರೆ ಮನುಷ್ಯರು. ಈ ತಾಪತ್ರಯಕ್ಕೇ 2012ರಲ್ಲಿ ಆರ್ಕಿಡ್ ಅನ್ನೋ ವ್ಯವಸ್ಥೆ ಬಂತು, ಒಬ್ಬೊಬ್ಬ ಸಂಶೋಧಕರಿಗೆ 16 ಅಂಕಿಯ ಒಂದು ನಂಬರ್, ಪೇಪರಿಗೆ ಡಿಓಐ ಅಂತ ಇನ್ನೊಂದು ಗುರುತು, ಇವೆರಡೂ ಸರಿಯಾಗಿ ತುಂಬಿದ್ರೆ ಡೂಪ್ಲಿಕೇಟ್ ತೆಗೆಯೋದು ಹತ್ತು ನಿಮಿಷದ ಕೆಲಸ. ತುಂಬಿರಲ್ಲ. ಅದಕ್ಕೇ ನಾವು ಎರಡು ವಾರ ಕೂತು ಕಣ್ಣಲ್ಲೇ ಹುಡುಕ್ತಿದ್ವಿ, ಡೂಪ್ಲಿಕೇಟ್ ತೆಗೆದಷ್ಟೂ ಟೋಟಲ್ ಇಳೀತಿತ್ತು, ಟೋಟಲ್ ಇಳಿದಷ್ಟೂ ಮೇಲಿನವರ ಮುಖ ಇಳೀತಿತ್ತು.

ಇನ್ನೊಂದು ವಿಷಯ, ಒಂದು ಪೇಪರಿಗೆ ತುಂಬಾ ಜನ ಲೇಖಕರಿದ್ರೆ ಹೆಂಗೆ ಎಣಿಸೋದು? ಹಿಗ್ಸ್ ಬೋಸಾನ್ ಅನ್ನೋ ಕಣದ ತೂಕ ಎಷ್ಟು ಅಂತ ಅಟ್ಲಾಸ್, ಸಿಎಂಎಸ್ ಅನ್ನೋ ಎರಡು ದೊಡ್ಡ ತಂಡಗಳು ಸೇರಿ 2015ರಲ್ಲಿ ಒಂದು ಪೇಪರ್ ತಂದ್ವು, ಅದರ ಲೇಖಕರ ಸಂಖ್ಯೆ 5,154. 33 ಪುಟದ ಪೇಪರು, ಅದರಲ್ಲಿ 24 ಪುಟ ಬರೀ ಲೇಖಕರ ಹೆಸರು ಮತ್ತೆ ಅವರ ಸಂಸ್ಥೆಗಳ ಪಟ್ಟಿ. ಈಗ ಆ ಪಟ್ಟಿಯಲ್ಲಿ ನಿಮ್ಮ ಯೂನಿವರ್ಸಿಟಿಯ ಇಬ್ರಿದ್ರೆ ರಿಪೋರ್ಟಲ್ಲಿ ಅದು ಒಂದು ಪೂರ್ತಿ ಪೇಪರ್. ಇದಕ್ಕೆ ಫುಲ್ ಕೌಂಟಿಂಗ್ ಅಂತಾರೆ. ಅದರ ಬದಲು ಲೇಖಕರ ಲೆಕ್ಕದಲ್ಲಿ ಪಾಲು ಹಾಕಿ, ನಿಮ್ಮದು 5,154ರಲ್ಲಿ 2 ಭಾಗ ಅಷ್ಟೇ ಅಂದ್ರೆ ಅದು ಫ್ರ್ಯಾಕ್ಷನಲ್ ಕೌಂಟಿಂಗ್. ಎರಡೂ ತಪ್ಪಲ್ಲ. ಎರಡರ ಉತ್ತರ ಮಾತ್ರ ಅಜಗಜಾಂತರ, ಮತ್ತೆ ಯಾವ ರೀತಿ ಎಣಿಸಿದೀವಿ ಅಂತ ರಿಪೋರ್ಟ್ ಹೇಳದಿದ್ರೆ ಆ ನಂಬರನ್ನ ಪಕ್ಕದ ಯೂನಿವರ್ಸಿಟಿ ನಂಬರ್ ಜೊತೆ ಇಟ್ಟು ನೋಡೋದ್ರಲ್ಲಿ ಅರ್ಥ ಇಲ್ಲ.

ಯಾವ ಡೇಟಾಬೇಸಿಂದ ಎಣಿಸಿದ್ರು ಅನ್ನೋದೂ ಅಷ್ಟೇ ಮುಖ್ಯ. ವೆಬ್ ಆಫ್ ಸೈನ್ಸ್ ತುಂಬಾ ಸೋಸಿ ತಗೊಳ್ಳುತ್ತೆ, ಸ್ಕೋಪಸ್ ಸ್ವಲ್ಪ ಅಗಲ, ಗೂಗಲ್ ಸ್ಕಾಲರ್ ಸಿಕ್ಕಿದ್ದೆಲ್ಲಾ ಬಾಚ್ಕೊಳ್ಳುತ್ತೆ. ಒಬ್ಬರದೇ ಸೈಟೇಷನ್ ಮೂರು ಕಡೆ ಮೂರು ಥರ ಬರುತ್ತೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೇಲಿ ಬರೆದಿದ್ದು, ಪುಸ್ತಕ ರೂಪದಲ್ಲಿ ಬಂದಿದ್ದು ಈ ಡೇಟಾಬೇಸುಗಳಿಗೆ ಸರಿಯಾಗಿ ಕಾಣೋದೇ ಇಲ್ಲ, ಅದಕ್ಕೇ ಇತಿಹಾಸ, ಸಾಹಿತ್ಯ, ಕಾನೂನು ವಿಭಾಗದವರು ಎಷ್ಟು ಕೆಲಸ ಮಾಡಿದ್ರೂ ರಿಪೋರ್ಟಲ್ಲಿ ಯಾವಾಗ್ಲೂ ಬಡವರು.

ಸೈಟೇಷನ್ನಿಗೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು.

ಈ ಲೆಕ್ಕ ಇಡೋ ಪದ್ಧತಿಯನ್ನ ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು ಯೂಜೀನ್ ಗಾರ್ಫೀಲ್ಡ್ ಅನ್ನೋರು, 1955ರಲ್ಲಿ ಐಡಿಯಾ ಹೇಳಿದ್ರು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ತಂದ್ರು. ಉದ್ದೇಶ ಒಂದು ವಿಷಯದ ಮೇಲೆ ಯಾರ ಕೆಲಸದಿಂದ ಯಾರ ಕೆಲಸಕ್ಕೆ ದಾರಿ ಹೋಗಿದೆ ಅಂತ ಹುಡುಕೋಕೆ ಅನುಕೂಲ ಆಗ್ಲಿ ಅಂತ, ಒಂಥರಾ ನಕ್ಷೆ. ಆಮೇಲೆ ಜನ ಆ ನಕ್ಷೇನ ತಕ್ಕಡಿ ಮಾಡ್ಕೊಂಡ್ರು. ಅದರಿಂದ ಹುಟ್ಟಿದ ಒಂದು ಕೂಸು ಇಂಪ್ಯಾಕ್ಟ್ ಫ್ಯಾಕ್ಟರ್. ಇದು ಪೇಪರಿನದಲ್ಲ, ಜರ್ನಲ್ಲಿಂದು, ಇದನ್ನ ನೂರು ಸಲ ಹೇಳಿದ್ರೂ ಸಾಲಲ್ಲ. ಲೆಕ್ಕ ಹಿಂಗಿದೆ: ಒಂದು ಜರ್ನಲ್ 2022 ಮತ್ತೆ 2023ರಲ್ಲಿ ಒಟ್ಟು 300 ಲೇಖನ ಹಾಕಿದೆ ಅನ್ನಿ, ಆ ಎರಡು ವರ್ಷದ ಲೇಖನಗಳಿಗೆ 2024ರಲ್ಲಿ ಒಟ್ಟು 900 ಸೈಟೇಷನ್ ಬಂದಿದೆ ಅನ್ನಿ, 900ನ್ನ 300ರಿಂದ ಭಾಗಿಸಿದ್ರೆ 3, ಅದು ಆ ಜರ್ನಲ್ಲಿನ 2024ರ ಇಂಪ್ಯಾಕ್ಟ್ ಫ್ಯಾಕ್ಟರ್. ಆದ್ರೆ ಆ 900ರಲ್ಲಿ 500 ಬರೀ ಐದಾರು ಪೇಪರಿಗೆ ಬಂದಿರಬಹುದು, ನೂರು ಪೇಪರಿಗೆ ಸೊನ್ನೆ ಬಂದಿರಬಹುದು, ಸೈಟೇಷನ್ ಹಂಚಿಕೆ ಹೆಚ್ಚುಕಮ್ಮಿ ಎಲ್ಲಾ ಕಡೆ ಹಿಂಗೇ ಇರೋದು. ಹಂಗಿರುವಾಗ "ನಮ್ಮವರು 3 ಇಂಪ್ಯಾಕ್ಟ್ ಫ್ಯಾಕ್ಟರಿನ ಜರ್ನಲ್ಲಲ್ಲಿ ಬರೆದಿದಾರೆ" ಅಂದ್ರೆ ದೊಡ್ಡ ಶ್ರೀಮಂತರಿರೋ ಬೀದಿಯಲ್ಲಿ ಬಾಡಿಗೆಗಿದೀನಿ ಅಂದಂಗೆ. 2012ರ ಡಿಸೆಂಬರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ಇದನ್ನೇ ಹೇಳಿ ಒಂದು ಘೋಷಣೆ ತಂದ್ರು, ಡೋರಾ ಅಂತಾರೆ ಅದಕ್ಕೆ, ಒಬ್ಬ ವ್ಯಕ್ತಿಯ ಕೆಲಸ ಅಳೆಯೋಕೆ ಜರ್ನಲ್ಲಿನ ನಂಬರ್ ಬಳಸಬೇಡಿ ಅಂತ. ಎಷ್ಟೋ ಯೂನಿವರ್ಸಿಟಿಗಳು ಅದಕ್ಕೆ ಸಹಿ ಹಾಕಿವೆ. ಸಹಿ ಹಾಕಿದ ಮೇಲೂ ರಿಪೋರ್ಟಲ್ಲಿ ಆ ಕಾಲಂ ಉಳ್ಕೊಂಡಿರೋದನ್ನ ನೀವೇ ನೋಡಬಹುದು.

ಇನ್ನೊಂದು ಎಚ್-ಇಂಡೆಕ್ಸ್. ಒಬ್ಬ ಸಂಶೋಧಕರ ಒಟ್ಟು ಕೆಲಸ ಅಳೆಯೋಕೆ 2005ರಲ್ಲಿ ಜಾರ್ಜ್ ಹಿರ್ಷ್ ಅನ್ನೋ ಭೌತವಿಜ್ಞಾನಿ ಕೊಟ್ಟಿದ್ದು. ಹೇಳೋಕೆ ಕಷ್ಟ ಅನ್ಸುತ್ತೆ, ಕೈಯಲ್ಲಿ ಮಾಡಿ ನೋಡಿದ್ರೆ ತುಂಬಾ ಸುಲಭ. ಒಬ್ರಿಗೆ ಏಳು ಪೇಪರಿದೆ, ಜಾಸ್ತಿ ಸೈಟೇಷನ್ ಇರೋದನ್ನ ಮೊದಲಿಟ್ಟು ಸಾಲಾಗಿ ಬರ್ಕೊಳ್ಳಿ: 120, 31, 9, 5, 4, 2, 0. ಈಗ ಎಡಗಡೆಯಿಂದ ಎಣಿಸ್ತಾ ಹೋಗಿ. ಒಂದನೇ ಪೇಪರಿಗೆ ಕಮ್ಮಿ ಅಂದ್ರೂ 1 ಇದೆಯಾ, ಇದೆ. ಎರಡನೇದಕ್ಕೆ 2 ಇದೆಯಾ, ಇದೆ. ಮೂರನೇದಕ್ಕೆ 3, ಇದೆ. ನಾಲ್ಕನೇದಕ್ಕೆ 4 ಬೇಕು, 5 ಇದೆ, ಓಕೆ. ಐದನೇದಕ್ಕೆ 5 ಬೇಕು, 4 ಮಾತ್ರ ಇದೆ, ನಿಲ್ಲಿಸಿ. ಎಚ್-ಇಂಡೆಕ್ಸ್ 4. ಈಗ ಮೊದಲ ಪೇಪರಿನ 120ನ್ನ 12,000 ಮಾಡಿ ನೋಡಿ, ಇಡೀ ಕ್ಷೇತ್ರವನ್ನೇ ಬದಲಾಯಿಸಿದ ಪೇಪರ್ ಅನ್ಕೊಳ್ಳಿ. ಎಚ್-ಇಂಡೆಕ್ಸ್ ಆಗ್ಲೂ 4. ಅದೇ ಐದನೇ ಪೇಪರಿಗೆ ಪಕ್ಕದ ಟೇಬಲ್ಲಿನ ಗೆಳೆಯ ಒಂದೇ ಒಂದು ಸೈಟೇಷನ್ ಕೊಟ್ರೆ 5 ಆಗುತ್ತೆ. ಹಂಗಂತ ಇದು ಕೆಟ್ಟದ್ದು ಅಂತಲ್ಲ, ಒಂದೇ ಒಂದು ಅದೃಷ್ಟದ ಪೇಪರ್ ಇಟ್ಕೊಂಡು ಮೆರೆಯೋಕೆ ಬಿಡಲ್ಲ, ಸತತವಾಗಿ ಮಾಡಿದ ಕೆಲಸಕ್ಕೆ ಬೆಲೆ ಕೊಡುತ್ತೆ. ಆದ್ರೆ ಇದು ಯಾವತ್ತೂ ಇಳಿಯಲ್ಲ, ಕೆಲಸ ಬಿಟ್ಟು ಸುಮ್ಮನೆ ಕೂತ್ರೂ ಏರ್ತಾನೇ ಇರುತ್ತೆ, ಅಂಥದ್ದನ್ನ ವರ್ಷದ ಪ್ರಗತಿ ಅಂತ ತೋರಿಸೋದು ಹೆಂಗೆ? "ನಮ್ಮ ಅಧ್ಯಾಪಕರ ಸರಾಸರಿ ಎಚ್-ಇಂಡೆಕ್ಸ್ ಈ ವರ್ಷವೂ ಹೆಚ್ಚಿದೆ" ಅಂದ್ರೆ ನಮ್ಮ ಅಧ್ಯಾಪಕರಿಗೆ ಈ ವರ್ಷವೂ ಒಂದು ವರ್ಷ ವಯಸ್ಸಾಯ್ತು ಅಂತಷ್ಟೇ.

ವಿಷಯದಿಂದ ವಿಷಯಕ್ಕೂ ವ್ಯತ್ಯಾಸ ಇದೆ. ಜೀವವಿಜ್ಞಾನದಲ್ಲಿ ಒಂದು ಪೇಪರ್ ಕೆಳಗೆ ಐವತ್ತು ಅರವತ್ತು ಉಲ್ಲೇಖ ಇರೋದು ಸಾಮಾನ್ಯ, ಗಣಿತದಲ್ಲಿ ಅದರ ಅರ್ಧವೂ ಇರಲ್ಲ, ಹಂಗಾಗಿ ಗಣಿತದವರಿಗೆ 10 ಸೈಟೇಷನ್ ಬಂದಿದ್ರೆ ಅದು ದೊಡ್ಡದೇ. ಇದನ್ನ ಸರಿದೂಗಿಸೋಕೆ ಫೀಲ್ಡ್ ವೆಯಿಟೆಡ್ ಸೈಟೇಷನ್ ಅಂತ ಒಂದು ಅಳತೆ ಇದೆ, ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪೇಪರುಗಳ ಜಾಗತಿಕ ಸರಾಸರಿ ಜೊತೆ ಹೋಲಿಸಿ 1 ಅಂದ್ರೆ ಸರಾಸರಿ, 1.5 ಅಂದ್ರೆ ಸರಾಸರಿಗಿಂತ ಅರ್ಧ ಜಾಸ್ತಿ ಅಂತ ಹೇಳುತ್ತೆ. ನನ್ನ ಪ್ರಕಾರ ಇರೋದ್ರಲ್ಲಿ ಇದೇ ಪರವಾಗಿಲ್ಲ ಅನ್ನೋ ಅಳತೆ, ಯಾಕಂದ್ರೆ ಇದು ಪೇಪರಿನ ವಯಸ್ಸನ್ನ ಲೆಕ್ಕಕ್ಕೆ ತಗೊಳ್ಳುತ್ತೆ. ಚಿಕ್ಕ ಡಿಪಾರ್ಟ್‌ಮೆಂಟಲ್ಲಿ ಮಾತ್ರ ಹುಷಾರು, ವರ್ಷಕ್ಕೆ ಇಪ್ಪತ್ತು ಪೇಪರ್ ಬರೋ ಕಡೆ ಮೇಲೆ ಹೇಳಿದ ಹಿಗ್ಸ್ ಥರದ್ದು ಒಂದು ಸೇರ್ಕೊಂಡ್ರೆ ಸರಾಸರಿ ಆಕಾಶಕ್ಕೆ ಹೋಗುತ್ತೆ, ಮುಂದಿನ ವರ್ಷ ಧೊಪ್ ಅಂತ ಬೀಳುತ್ತೆ, ಆಗ ಎಲ್ಲರೂ ಕಾರಣ ಹುಡುಕ್ತಾ ಮೀಟಿಂಗ್ ಮಾಡ್ತಾರೆ.

ಮತ್ತೆ ಸೈಟೇಷನ್ ಜಾಸ್ತಿ ಅಂದ್ರೆ ಶ್ರೇಷ್ಠ ಅಂತಲೂ ಅಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಉಲ್ಲೇಖ ಆಗಿರೋ ಪೇಪರ್ ಅಂತ ಹೆಸರಾಗಿರೋದು 1951ರ ಆಲಿವರ್ ಲೌರಿ ಮತ್ತೆ ಸಂಗಡಿಗರದ್ದು, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯೋ ವಿಧಾನ, 3 ಲಕ್ಷಕ್ಕೂ ಜಾಸ್ತಿ ಸೈಟೇಷನ್. ಡಿಎನ್‌ಎ ಹೆಂಗಿದೆ ಅಂತ ಹೇಳಿದ 1953ರ ವಾಟ್ಸನ್-ಕ್ರಿಕ್ ಪೇಪರ್ 2014ರಲ್ಲಿ ನೇಚರ್ ಪತ್ರಿಕೆ ಹಾಕಿದ ಟಾಪ್ 100 ಪಟ್ಟಿಯಲ್ಲೇ ಇರಲಿಲ್ಲ. ವಿಧಾನ ಬಳಸಿದವರೆಲ್ಲಾ ಉಲ್ಲೇಖ ಮಾಡಲೇಬೇಕು, ದೊಡ್ಡ ಸತ್ಯ ಪಠ್ಯಪುಸ್ತಕಕ್ಕೆ ಹೋದ ಮೇಲೆ ಯಾರೂ ಉಲ್ಲೇಖ ಮಾಡಲ್ಲ, ಅಷ್ಟೇ.

ಈಗ ಇನ್ನೋವೇಷನ್ ಅಧ್ಯಾಯ. ಇಲ್ಲಿ ಪೇಟೆಂಟ್ ಅನ್ನೋ ಒಂದು ಪದದ ಒಳಗೆ ನಾಲ್ಕು ಬೇರೆ ಬೇರೆ ವಿಷಯ ಅಡಗಿರುತ್ತೆ: ಫೈಲ್ ಮಾಡಿದ್ದು, ಪ್ರಕಟ ಆಗಿದ್ದು, ಗ್ರಾಂಟ್ ಆಗಿದ್ದು (ಇಲ್ಲಿ ಗ್ರಾಂಟ್ ಅಂದ್ರೆ ದುಡ್ಡಲ್ಲ, ಪೇಟೆಂಟ್ ಹಕ್ಕು ಸಿಕ್ಕಿದ್ದು), ಲೈಸೆನ್ಸ್ ಆಗಿದ್ದು (ಬೇರೆಯವರು ದುಡ್ಡು ಕೊಟ್ಟು ಬಳಕೆಗೆ ತಗೊಂಡಿದ್ದು). ಫೈಲ್ ಮಾಡೋಕೆ ಅರ್ಜಿ ಮತ್ತೆ ಫೀಸು ಸಾಕು, ಯಾರು ಬೇಕಾದ್ರೂ ಮಾಡಬಹುದು. ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಪೇಟೆಂಟ್ ಆಫೀಸು ಆ ಅರ್ಜೀನ ತಾನಾಗೇ ಪ್ರಕಟ ಮಾಡುತ್ತೆ, ಇದು ಯಾವ ಸಾಧನೆಯೂ ಅಲ್ಲ, ಕಾಲ ಕಳೀತು ಅನ್ನೋದಕ್ಕೆ ಸಾಕ್ಷಿ ಅಷ್ಟೇ, ಆದ್ರೂ "ಪೇಟೆಂಟ್ ಪ್ರಕಟಣೆ" ಅಂತ ರಿಪೋರ್ಟಲ್ಲಿ ದಪ್ಪಕ್ಷರದಲ್ಲಿ ಹಾಕ್ತಾರೆ. ಆಮೇಲೆ ಪರೀಕ್ಷಕರು ನೋಡ್ತಾರೆ, ಇದು ಹೊಸದಾ, ಈ ಕ್ಷೇತ್ರದವರಿಗೆ ಸಲೀಸಾಗಿ ಹೊಳೆಯೋ ಅಂಥದ್ದಲ್ಲ ತಾನೆ, ಉದ್ಯಮದಲ್ಲಿ ಬಳಕೆ ಆಗುತ್ತಾ ಅಂತ, ಅದೆಲ್ಲಾ ದಾಟಿದ್ರೆ ಗ್ರಾಂಟ್. ಅಲ್ಲಿಂದ ಅದನ್ನ ಉಳಿಸ್ಕೊಳ್ಳೋಕೆ ಆಗಾಗ ನವೀಕರಣ ಶುಲ್ಕ ಕಟ್ಟಬೇಕು, ಫೈಲ್ ಮಾಡಿದ ದಿನದಿಂದ 20 ವರ್ಷಕ್ಕೆ ಮುಗೀತು. ಯಾರೂ ಲೈಸೆನ್ಸ್ ತಗೊಳ್ಳದ ಪೇಟೆಂಟ್ ಅಂದ್ರೆ ಆ ಯೂನಿವರ್ಸಿಟಿಗೆ ಪ್ರತಿ ಸಲ ಶುಲ್ಕ ಕೇಳೋ ಒಂದು ಸರ್ಟಿಫಿಕೇಟು. ಹಂಗಾಗಿ ಫೈಲಿಂಗ್ ಕಾಲಂ ಮಾತ್ರ ಜೋರಾಗಿ ಏರ್ತಿದ್ದು ಲೈಸೆನ್ಸ್ ಕಾಲಂ ಇಲ್ಲವೇ ಇಲ್ಲ ಅಂದ್ರೆ ಅಲ್ಲಿ ಇನ್ನೋವೇಷನ್ ನಡೀತಿಲ್ಲ, ಅರ್ಜಿ ಹಾಕೋದು ನಡೀತಿದೆ.

ಚೆನ್ನಾಗಿ ನಡೆದ ಒಂದು ಕಥೆ ಬೇಕಂದ್ರೆ ಸ್ಟ್ಯಾನ್‌ಫರ್ಡಿಂದು ನೋಡಿ, ವಯಸ್ಸಿನ ವಿಷಯವೂ ಇದರಲ್ಲೇ ಗೊತ್ತಾಗುತ್ತೆ. ಅಲ್ಲಿನ ಸ್ಟ್ಯಾನ್ಲಿ ಕೋಹೆನ್, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಹರ್ಬರ್ಟ್ ಬೋಯರ್ ಸೇರಿ ಒಂದು ಜೀವಿಯ ಡಿಎನ್‌ಎ ತುಂಡನ್ನ ಇನ್ನೊಂದರೊಳಗೆ ಸೇರಿಸಿ ಬೆಳೆಸೋ ವಿಧಾನ ಕಂಡುಹಿಡಿದ್ರು, ಪ್ರಯೋಗ 1973ರದ್ದು. 1970ರಲ್ಲೇ ಅಲ್ಲಿ ತಂತ್ರಜ್ಞಾನ ಲೈಸೆನ್ಸಿಂಗ್ ಆಫೀಸ್ ಶುರು ಮಾಡಿದ್ದ ನೀಲ್ಸ್ ರೀಮರ್ಸ್ ಅನ್ನೋರು ಇದಕ್ಕೆ ಪೇಟೆಂಟ್ ಮಾಡಿಸೋಣ ಅಂತ ಹಿಂದೆ ಬಿದ್ದು 1974ರಲ್ಲಿ ಅರ್ಜಿ ಹಾಕಿಸಿದ್ರು. ಮೊದಲ ಪೇಟೆಂಟ್ ಗ್ರಾಂಟ್ ಆಗಿದ್ದು 1980ರ ಡಿಸೆಂಬರಲ್ಲಿ. 1997ರಲ್ಲಿ ಅವಧಿ ಮುಗಿಯೋ ಹೊತ್ತಿಗೆ (ಆಗಿನ ಅಮೆರಿಕದ ನಿಯಮದಲ್ಲಿ ಗ್ರಾಂಟ್ ಆದ ದಿನದಿಂದ 17 ವರ್ಷ) 468 ಕಂಪನಿಗಳು ಲೈಸೆನ್ಸ್ ತಗೊಂಡಿದ್ವು, ಸುಮಾರು 25 ಕೋಟಿ 50 ಲಕ್ಷ ಡಾಲರ್ ಬಂದಿತ್ತು. ಈಗ ಆ ಯೂನಿವರ್ಸಿಟಿಯ 1975ರ ವಾರ್ಷಿಕ ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡಿದೀರಿ ಅನ್ಕೊಳ್ಳಿ. ಈ ಕೆಲಸದ ಸಾಲಲ್ಲಿ ಏನಿರಬಹುದು? ಪೇಟೆಂಟ್ ಅರ್ಜಿ: 1, ಆದಾಯ: 0. ಅದೇ 1995ರ ರಿಪೋರ್ಟಲ್ಲಿ ಆದಾಯ ಭರ್ಜರಿ, ಆದ್ರೆ ಆ ಸಾಧನೆ 1995ರದ್ದಾ?

ಗೂಗಲ್ ಕಥೆಯೂ ಹಿಂಗೇ, ಹುಡುಕಿದಾಗ ಯಾವ ವೆಬ್ ಪುಟ ಮೇಲೆ ಬರಬೇಕು ಅಂತ ಲೆಕ್ಕ ಹಾಕೋ ಪೇಜ್‌ರ‍್ಯಾಂಕ್ ಪೇಟೆಂಟ್ ಸ್ಟ್ಯಾನ್‌ಫರ್ಡಿನ ಹೆಸರಲ್ಲಿತ್ತು, ಲೈಸೆನ್ಸಿಗೆ ಬದಲಾಗಿ ಶೇರು ತಗೊಂಡಿದ್ರು, ಅದನ್ನ 2005ರ ಹೊತ್ತಿಗೆ ಮಾರಿದಾಗ 33 ಕೋಟಿ 60 ಲಕ್ಷ ಡಾಲರ್ ಬಂತು. ಇಂಥವು ಬೆರಳೆಣಿಕೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬಂದು ಸರ್ಕಾರಿ ದುಡ್ಡಲ್ಲಿ ಆದ ಆವಿಷ್ಕಾರದ ಪೇಟೆಂಟನ್ನ ಯೂನಿವರ್ಸಿಟಿಗಳೇ ಇಟ್ಕೋಬಹುದು ಅಂತ ಆದ ಮೇಲೆ ಎಲ್ಲಾ ಕಡೆ ಲೈಸೆನ್ಸಿಂಗ್ ಆಫೀಸುಗಳು ಎದ್ವು, ಅದರಲ್ಲಿ ಹೆಚ್ಚಿನವು ತಮ್ಮ ಖರ್ಚನ್ನೂ ದುಡಿಯಲ್ಲ. ಒಂದು ಔಷಧ, ಒಂದು ವಿಧಾನ ಗೆದ್ದ ಕಡೆ ಮಾತ್ರ ಹೊಳೆ ಹರಿಯುತ್ತೆ, ಆ ಪೇಟೆಂಟಿನ ಅವಧಿ ಮುಗಿದ ವರ್ಷ ಹೊಳೆ ಬತ್ತುತ್ತೆ, ಆಗ "ಇನ್ನೋವೇಷನ್ ಆದಾಯದಲ್ಲಿ ಕುಸಿತ" ಅಂತ ಬರೀಬೇಕಾಗುತ್ತೆ, ಯಾರೂ ಏನೂ ತಪ್ಪು ಮಾಡಿರಲ್ಲ.

ರಿಸರ್ಚ್ ಫಂಡ್ ಕಾಲಮ್ಮಲ್ಲೂ ಒಂದು ಸಣ್ಣ ಕೈಚಳಕ ಇದೆ. ಸ್ಯಾಂಕ್ಷನ್ ಆಗಿದ್ದು, ಕೈಗೆ ಬಂದಿದ್ದು, ಖರ್ಚಾಗಿದ್ದು, ಮೂರೂ ಬೇರೆ. ಐದು ವರ್ಷದ ಪ್ರಾಜೆಕ್ಟ್ ಒಂದರ ಪೂರ್ತಿ ಮೊತ್ತವನ್ನ ಸ್ಯಾಂಕ್ಷನ್ ಆದ ವರ್ಷಕ್ಕೇ ಬರೆದುಬಿಟ್ರೆ ಆ ವರ್ಷ ಗ್ರಾಫ್ ಗೋಪುರ ಆಗುತ್ತೆ. ಖರ್ಚಿನ ಲೆಕ್ಕ ಕೇಳಿ, ಅದೇ ನಿಜವಾಗಿ ಆ ವರ್ಷ ಲ್ಯಾಬಲ್ಲಿ ಏನು ನಡೀತು ಅನ್ನೋದಕ್ಕೆ ಹತ್ತಿರ.

ಸ್ಟಾರ್ಟಪ್ ಎಣಿಕೆಯಲ್ಲಿ ಕೇಳಬೇಕಾದ್ದು ಇಷ್ಟೇ: ಯೂನಿವರ್ಸಿಟಿಯ ಸಂಶೋಧನೆಯಿಂದಲೇ ಹುಟ್ಟಿದ್ದಾ, ಇಲ್ಲಾ ಯಾರೋ ಬಂದು ಇನ್‌ಕ್ಯುಬೇಟರಲ್ಲಿ ಟೇಬಲ್ ಕುರ್ಚಿ ಬಾಡಿಗೆಗೆ ತಗೊಂಡಿದ್ದಾ, ಮತ್ತೆ ಐದು ವರ್ಷದ ಹಿಂದಿನ ಪಟ್ಟಿಯಲ್ಲಿದ್ದವು ಈಗ ಎಷ್ಟು ಉಸಿರಾಡ್ತಿವೆ. ಎಂಓಯು, ಅಂದ್ರೆ ಬೇರೆ ಸಂಸ್ಥೆಗಳ ಜೊತೆ ಮಾಡ್ಕೊಳ್ಳೋ ಒಪ್ಪಂದ ಪತ್ರ, ಅದರ ಎಣಿಕೆ ಬಗ್ಗೆ ನಾನು ಏನೂ ಹೇಳಲ್ಲ, ಹೂಗುಚ್ಛ ಹಿಡ್ಕೊಂಡಿರೋ ಫೋಟೋ ನೋಡಿದೀರಲ್ಲ, ಅಷ್ಟೇ ಅದು.

ಇದಕ್ಕಿಂತ ಕೆಲಸಕ್ಕೆ ಬರೋದು ಟಿಆರ್‌ಎಲ್, ಟೆಕ್ನಾಲಜಿ ರೆಡಿನೆಸ್ ಲೆವೆಲ್, ಒಂದು ತಂತ್ರಜ್ಞಾನ ಎಷ್ಟು ಪಕ್ವ ಆಗಿದೆ ಅನ್ನೋ ಮೆಟ್ಟಿಲು. ನಾಸಾದವರು 1970ರ ದಶಕದಲ್ಲಿ ಯೋಚನೆ ಮಾಡಿದ್ದು, ಈಗ 1ರಿಂದ 9ರವರೆಗೆ ಇದೆ. 1 ಅಂದ್ರೆ ಮೂಲ ತತ್ವ ಕಂಡಿದೆ, 4ರ ಹೊತ್ತಿಗೆ ಲ್ಯಾಬಲ್ಲಿ ಬಿಡಿ ಭಾಗಗಳು ಕೆಲಸ ಮಾಡ್ತಿವೆ, 6 7ಕ್ಕೆ ಪ್ರೋಟೋಟೈಪ್ ಹೊರಗಿನ ಪರಿಸರದಲ್ಲಿ ಓಡ್ತಿದೆ, 9 ಅಂದ್ರೆ ನಿಜವಾದ ಬಳಕೆಯಲ್ಲಿ ಸಾಬೀತಾಗಿದೆ. ಯೂನಿವರ್ಸಿಟಿ ಕೆಲಸ ಸಾಮಾನ್ಯವಾಗಿ 3 4ಕ್ಕೆ ಬಂದು ನಿಲ್ಲುತ್ತೆ, ಕಂಪನಿಗಳು 7ರ ಮೇಲಿದ್ರೆ ಮಾತ್ರ ಕೈ ಹಾಕ್ತಾರೆ, ಮಧ್ಯದ ಜಾಗದಲ್ಲಿ ದುಡ್ಡು ಹಾಕೋರು ಯಾರೂ ಇಲ್ಲದೆ ಒಳ್ಳೊಳ್ಳೆ ಐಡಿಯಾಗಳು ಸಾಯ್ತವೆ, ಅದಕ್ಕೆ ವ್ಯಾಲಿ ಆಫ್ ಡೆತ್ ಅಂತಾನೇ ಹೆಸರು. ಒಂದು ರಿಪೋರ್ಟು "ಕಳೆದ ವರ್ಷ 3ರಲ್ಲಿದ್ದ ಹತ್ತು ಕೆಲಸದಲ್ಲಿ ಎರಡು 5ಕ್ಕೆ ಹೋದ್ವು, ಐದು ಅಲ್ಲೇ ಇವೆ, ಮೂರನ್ನ ಕೈಬಿಟ್ವಿ" ಅಂತ ಬರೆದ್ರೆ ನನಗೆ ಅದರ ಮೇಲೆ ಗೌರವ ಬರುತ್ತೆ, ಇದು ನಿಜವಾಗ್ಲೂ ಒಂದು ವರ್ಷದ ಪ್ರಗತಿ. ಅಂಥ ಸಾಲು ನಾನು ಇನ್ನೂ ನೋಡಿಲ್ಲ.

ಹಂಗಾದ್ರೆ ಎಲ್ಲರೂ ಯಾಕೆ ಇದೇ ನಂಬರುಗಳ ಹಿಂದೆ ಬಿದ್ದಿದಾರೆ ಅಂದ್ರೆ ರ‍್ಯಾಂಕಿಂಗ್. 2003ರಲ್ಲಿ ಶುರುವಾದ ಶಾಂಘೈ ರ‍್ಯಾಂಕಿಂಗಲ್ಲಿ ನೊಬೆಲ್, ಫೀಲ್ಡ್ಸ್ ಪ್ರಶಸ್ತಿ ಪಡೆದ ಹಳೆ ವಿದ್ಯಾರ್ಥಿಗಳಿಗೆ 10, ಸಿಬ್ಬಂದಿಗೆ 20 ಪರ್ಸೆಂಟ್, ಅಂದ್ರೆ ಯಾವುದೋ ಕಾಲದ ಬಹುಮಾನ ಇವತ್ತಿನ ಸ್ಥಾನ ನಿರ್ಧಾರ ಮಾಡುತ್ತೆ. ಕ್ಯೂಎಸ್ ಅನ್ನೋ ಇನ್ನೊಂದು ಪಟ್ಟಿಯಲ್ಲಿ ಅಧ್ಯಾಪಕರ ತಲೆಗೆಷ್ಟು ಸೈಟೇಷನ್ ಅನ್ನೋದಕ್ಕೆ 20, ಬೇರೆ ಪ್ರೊಫೆಸರುಗಳು ನಿಮ್ಮ ಬಗ್ಗೆ ಏನಂದ್ಕೊಂಡಿದಾರೆ ಅನ್ನೋದಕ್ಕೆ 30. ಇಲ್ಲೇ ಛೇದದ ಆಟ ಶುರುವಾಗೋದು, ತಲೆಗೆಷ್ಟು ಅಂದಾಗ ತಲೆ ಕಮ್ಮಿ ತೋರಿಸಿದ್ರೂ ಉತ್ತರ ಏರುತ್ತೆ, ಗೆಸ್ಟ್ ಲೆಕ್ಚರರುಗಳು ಪೇಪರ್ ಬರೆದಾಗ ನಮ್ಮವರು, ತಲೆ ಎಣಿಸುವಾಗ ಅಲ್ಲ.

ಅಳತೆಯನ್ನೇ ಗುರಿ ಮಾಡ್ಕೊಂಡ್ರೆ ಅದು ಅಳತೆಯಾಗಿ ಉಳಿಯಲ್ಲ ಅನ್ನೋ ಮಾತನ್ನ ಗುಡ್‌ಹಾರ್ಟ್ ನಿಯಮ ಅಂತಾರೆ, 1975ರಲ್ಲಿ ಹಣಕಾಸು ನೀತಿ ಬಗ್ಗೆ ಮಾತಾಡ್ತಾ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೇಳಿದ್ದರಿಂದ ಬಂದಿದ್ದು. ಸಂಶೋಧನೆಯಲ್ಲಿ ಇದರ ಬಿಲ್ಲು ಬಂದಿದ್ದು 2023ರಲ್ಲಿ, ಆ ಒಂದೇ ವರ್ಷ ಪ್ರಪಂಚದಾದ್ಯಂತ 10,000ಕ್ಕೂ ಜಾಸ್ತಿ ಪೇಪರುಗಳನ್ನ ಜರ್ನಲ್ಲುಗಳು ವಾಪಸ್ ತಗೊಂಡ್ವು, ಅದು ದಾಖಲೆ, ಅದರಲ್ಲಿ 8,000ಕ್ಕೂ ಮೇಲೆ ಹಿಂದಾವಿ ಅನ್ನೋ ಒಂದೇ ಪ್ರಕಾಶನದ್ದು. ದುಡ್ಡಿಗೆ ಪೇಪರ್ ಬರೆದುಕೊಡೋ ಪೇಪರ್ ಮಿಲ್ಲುಗಳ ಕೈವಾಡ ಅದರಲ್ಲಿ ದೊಡ್ಡದಿತ್ತು. ಆ ಪೇಪರುಗಳೆಲ್ಲಾ ಯಾವುದೋ ವರ್ಷ ಯಾವುದೋ ಯೂನಿವರ್ಸಿಟಿಯ ರಿಪೋರ್ಟಲ್ಲಿ "ಸಾಧನೆ" ಆಗಿ ಎಣಿಕೆ ಆಗಿದ್ದವೇ. ವಾಪಸ್ ಹೋದ ಮೇಲೆ ಹಳೇ ರಿಪೋರ್ಟ್ ತೆಗೆದು ನಂಬರ್ ತಿದ್ದಿದವರು ಎಷ್ಟು ಜನ? ಹಂಗಾಗಿ ವಾಪಸ್ಸಾದ ಪೇಪರುಗಳ ಕಾಲಂ ಇಟ್ಟಿರೋ ರಿಪೋರ್ಟ್ ಸಿಕ್ಕಿದ್ರೆ ಉಳಿದ ನಂಬರುಗಳನ್ನೂ ಸ್ವಲ್ಪ ನಂಬಬಹುದು.

ಬ್ರಿಟನ್ನಿನವರು ಇದನ್ನ ಬೇರೆ ಥರ ಮಾಡ್ತಾರೆ, ಆರ್‌ಇಎಫ್ ಅಂತ ಯೂನಿವರ್ಸಿಟಿಗಳ ಸಂಶೋಧನೆಗೆ ಅಂಕ ಕೊಡೋ ಒಂದು ವ್ಯವಸ್ಥೆ ಇದೆ, ವರ್ಷವರ್ಷ ಅಲ್ಲ, ಆರೇಳು ವರ್ಷಕ್ಕೊಂದ್ಸಲ. 2021ರದ್ದರಲ್ಲಿ ಪೇಪರು ಪುಸ್ತಕ ಇತ್ಯಾದಿಗೆ 60 ಪರ್ಸೆಂಟ್, ಸಂಶೋಧನೆಯಿಂದ ಹೊರಗಿನ ಜನಕ್ಕೆ ಏನಾಯ್ತು ಅನ್ನೋದಕ್ಕೆ 25, ಸಂಶೋಧನೆ ಮಾಡೋಕೆ ಅಲ್ಲಿರೋ ವಾತಾವರಣಕ್ಕೆ 15. ಆ 25ಕ್ಕೆ ನಂಬರ್ ಕೊಟ್ಟರೆ ಸಾಲಲ್ಲ, ಕೇಸ್ ಸ್ಟಡಿ ಬರೀಬೇಕು, ಇಂಥ ಸಂಶೋಧನೆಯಿಂದ ಇಂಥ ಕಾನೂನು ಬದಲಾಯ್ತು, ಇಂಥ ಚಿಕಿತ್ಸೆ ಬಂತು ಅಂತ, ಅದನ್ನ ಮನುಷ್ಯರು ಕೂತು ಓದಿ ಅಂಕ ಹಾಕ್ತಾರೆ. ತುಂಬಾ ಖರ್ಚು, ತುಂಬಾ ತಲೆನೋವು, ಅದಕ್ಕೂ ಬೈಯೋರಿದಾರೆ. ಆದ್ರೂ ಅವರು ವಯಸ್ಸಿನ ವಿಷಯ ಒಪ್ಕೊಂಡಿದಾರೆ ಅನ್ನೋದು ನನಗೆ ಮುಖ್ಯ ಅನ್ಸುತ್ತೆ, ಪರಿಣಾಮ ಇವತ್ತಿನದಾದ್ರೂ ಅದರ ಹಿಂದಿನ ಸಂಶೋಧನೆ ಇಪ್ಪತ್ತು ವರ್ಷ ಹಳೇದಾಗಿದ್ರೂ ಸರಿ ಅಂತ ನಿಯಮದಲ್ಲೇ ಬರೆದಿದ್ರು.

ಇದು ಯಾಕೆ ಮುಖ್ಯ ಅಂದ್ರೆ ಕ್ಯಾಟಲಿನ್ ಕರಿಕೋ ಅವರನ್ನ ನೆನೆಸ್ಕೊಳ್ಳಿ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ, ಜೀವಕೋಶಕ್ಕೆ ಪ್ರೋಟೀನ್ ಮಾಡೋ ಸೂಚನೆ ಒಯ್ಯೋ ಎಂಆರ್‌ಎನ್‌ಎ ಹಿಡ್ಕೊಂಡು ಕೂತಿದ್ರು, ಗ್ರಾಂಟ್ ಸಿಗಲಿಲ್ಲ, 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದ್ರು. ಡ್ರೂ ವೈಸ್ಮನ್ ಜೊತೆ ಸೇರಿ ಆ ಎಂಆರ್‌ಎನ್‌ಎ ದೇಹದೊಳಗೆ ಉರಿಯೂತ ಎಬ್ಬಿಸದ ಹಾಗೆ ಬದಲಾಯಿಸೋದು ಹೆಂಗೆ ಅಂತ 2005ರಲ್ಲಿ ಪೇಪರ್ ತಂದಾಗ್ಲೂ ದೊಡ್ಡ ಸದ್ದಾಗಲಿಲ್ಲ. 2020ರ ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳು ನಿಂತಿದ್ದು ಅದರ ಮೇಲೆ, 2023ರಲ್ಲಿ ಇಬ್ಬರಿಗೂ ನೊಬೆಲ್. ಯಾವ ವರ್ಷದ ಯಾವ ಕಾಲಮ್ಮಲ್ಲಿ ಹಾಕ್ತೀರಿ ಇದನ್ನ? 1995ರ ಟೇಬಲ್ ತುಂಬಿದ ಗುಮಾಸ್ತನನ್ನ ಬೈಯೋಕೂ ಆಗಲ್ಲ, ಫಂಡ್ ಸೊನ್ನೆ ಇತ್ತು, ಅವನು ಸೊನ್ನೆ ಬರೆದ.

ಹಂಗಂತ ಎಲ್ಲಾ ಸೊನ್ನೆಯೂ ಮುಂದೆ ನೊಬೆಲ್ ಆಗಲ್ಲ, ಹೆಚ್ಚಿನವು ಸೊನ್ನೆಯಾಗೇ ಉಳೀತವೆ, ಅದೇ ತೊಡಕು. ಒಂದು ವರ್ಷದ ರಿಪೋರ್ಟಿಗೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಮೂರು ಅಥವಾ ಐದು ವರ್ಷದ ಸರಾಸರಿ ಹಾಕಿದ್ರೆ ಸ್ವಲ್ಪ ಗೊತ್ತಾಗುತ್ತೆ, ಪ್ರತಿ ನಂಬರಿನ ಪಕ್ಕ ಅದು ಯಾವ ವರ್ಷದ ಕೆಲಸದಿಂದ ಬಂದಿದ್ದು ಅಂತ ಬರೆದ್ರೆ ಇನ್ನೂ ಗೊತ್ತಾಗುತ್ತೆ. ನಾನೊಂದ್ಸಲ ಮೀಟಿಂಗಲ್ಲಿ ಆ ಕಾಲಂ ಸೇರಿಸೋಣ ಅಂದೆ, ಪುಟದಲ್ಲಿ ಜಾಗ ಇಲ್ಲ ಅಂದ್ರು.

ಅಲ್ಲಿ ಒಬ್ರು ಅಧ್ಯಾಪಕರಿದ್ರು, ಮೂರು ವರ್ಷ ನಾನು ಕಳಿಸಿದ ಫಾರ್ಮ್ ಖಾಲಿ ವಾಪಸ್ ಬರ್ತಿತ್ತು, ಪ್ರತಿ ಸಲ ಕೆಳಗೆ ಪೆನ್ನಲ್ಲಿ ಒಂದೇ ಸಾಲು, "ಉಪಕರಣ ಇನ್ನೂ ಕಟ್ತಾ ಇದೀವಿ". ಅವರ ರೋನಲ್ಲಿ ನಾನು 0, 0, 0 ಅಂತ ಹಾಕ್ಕೊಂಡು ಹೋದೆ. ನಾನು ಕೆಲಸ ಬಿಡೋ ವರ್ಷ ಆ ಫಾರ್ಮಲ್ಲಿ ಒಂದು ಪೇಪರಿನ ಹೆಸರು ಬರೆದು ಬಂತು, ಕೆಳಗಿನ ಸಾಲು ಇರಲಿಲ್ಲ. ಆ ವರ್ಷದ ಕಾಲಮ್ಮಲ್ಲಿ 1 ಅಂತ ಹಾಕಿದೆ. ಹಿಂದಿನ ಮೂರು ಸೊನ್ನೆಗಳನ್ನ ಮುಟ್ಟೋಕಾಗಲ್ಲ, ಆ ಫೈಲುಗಳು ಲಾಕ್ ಆಗಿದ್ವು.